ಅಸಲಿ ಅಂತ ಕೊಟ್ಟ ಅಡಾಪ್ಟರ್

ಕುಷ್ಟಗಿಯಲ್ಲಿ ನನ್ನ ಅಕ್ಕ ಕೋಳಿಮರಿ ಮಾಡಿಸಿ ಮಾರುತ್ತಾಳೆ. ಮೊಟ್ಟೆಗಳಿಗೆ ಕಾವು ಕೊಡುವ ಅವಳ ಪೆಟ್ಟಿಗೆಯ ಕಂಟ್ರೋಲರ್ ನಾನೇ ಕಟ್ಟಿಕೊಟ್ಟದ್ದು. ಕಳೆದ ಚಳಿಗಾಲ ಕರೆಂಟು ಏರಿಳಿದು ಅದರೊಳಗಿನ ಪ್ರೋಗ್ರಾಮ್ ಅಳಿಸಿಹೋಗಿ ಪೆಟ್ಟಿಗೆ ಕಾಯುವುದು ನಿಂತಿತು. ಲ್ಯಾಪ್‌ಟಾಪಿನಿಂದ ಅದನ್ನು ಮತ್ತೆ ತುಂಬಲು ಎರಡನ್ನೂ ಜೋಡಿಸುವ ಸೀರಿಯಲ್ ಅಡಾಪ್ಟರ್ ಬೇಕು. ಗಂಗಾವತಿಯಲ್ಲಿ ಹೊಸದನ್ನು ಕೊಂಡು ಅಕ್ಕನ ಊರಿನ ಬಸ್ಸು ಹತ್ತಿದೆ.

ಜೋಡಿಸಿದ ಕೂಡಲೇ ಪರದೆಯ ಮೇಲೆ ‘ಇದು ಅಸಲಿ ಅಲ್ಲ’ ಎಂದು ಬಂತು. ಎಷ್ಟು ಸಲ ಕಿತ್ತು ಚುಚ್ಚಿದರೂ ಪ್ರೋಗ್ರಾಮ್ ಕಂಟ್ರೋಲರಿಗೆ ಇಳಿಯಲಿಲ್ಲ.

“ತತ್ತಿ ತಣ್ಣಗಾಗಾಕತ್ತಾವು, ಲಗೂನ ಮಾಡೋ ತಮ್ಮಾ,” ಎನ್ನುತ್ತ ಅಕ್ಕ ಮೊಟ್ಟೆಗಳನ್ನು ಕೌದಿಯಲ್ಲಿ ಸುತ್ತಿದಳು. ಅದು ಸಾಲಲಿಲ್ಲ. ಆಮೇಲೆ ಒಡೆದು ನೋಡಿದರೆ ಒಳಗೆ ತುಪ್ಪಳ ಮೂಡಿದ್ದ ಮರಿಗಳು ಸತ್ತಿದ್ದವು.

ಗಂಗಾವತಿಗೆ ವಾಪಸ್ಸು ಹೋಗಿ ಅಡಾಪ್ಟರನ್ನು ಅಂಗಡಿಯವನ ಮುಂದೆ ಒಗೆದೆ. “ಅಸಲಿ ಅಂತ ಹೇಳಿ ಕೊಟ್ರಿ. ಇದರಿಂದ ಮರಿ ಎಲ್ಲಾ ಸತ್ತಾವು!”

“ಮರಿ ಸತ್ರ ನಾವೇನ್ ಮಾಡೂನ್ರೀ? ನಿಮ್ಮ ಲ್ಯಾಪ್‌ಟಾಪ್ ಸರಿ ಇಲ್ಲ ನೋಡ್ರಿ,” ಎಂದು ನಕ್ಕ.

ನಗುತ್ತಲೇ ಅದನ್ನು ಒರೆಸಿ, ಹೊಸ ಕವರಿಗೆ ಹಾಕಿ, ಮಾರಾಟದ ಮೊಳೆಗೆ ತೂಗುಹಾಕಿದ. ನಾನು ಕೈಚಾಚಿ ಕಿತ್ತುಕೊಂಡು, ನೆಲಕ್ಕೆ ಹಾಕಿ, ಚಪ್ಪಲಿಯಿಂದ ಪುಡಿಯಾಗುವ ತನಕ ತುಳಿದೆ.