ಮೀನಿನ ತಲೆ ಯಾರ ತಟ್ಟೆಗೆ

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಮೀನು ಬಂದರೆ ಅದರ ತಲೆ ಮೀನು ತಂದವನ ತಟ್ಟೆಗೆ. ನನ್ನ ಹೆಂಡತಿಯ ತವರಿನಲ್ಲೂ ಹೀಗೆ, ನಮ್ಮಲ್ಲೂ ಹೀಗೆ. ಇಬ್ಬರೂ ಕಡಲ ದಂಡೆಯವರಾದ್ದರಿಂದ ಮದುವೆಯಾದ ಮೇಲೆ ಈ ವಿಷಯದಲ್ಲಿ ಮಾತೇ ಬೇಕಾಗಲಿಲ್ಲ.

ದೋಹಾಕ್ಕೆ ಬಂದು ಸಂಸಾರ ಹೂಡಿದ ಮೇಲೆ ಆ ತಲೆ ನನ್ನದೇ ಆಗಿತ್ತು. ನಾನು ಮೀನು ಹಿಡಿಯುತ್ತಿರಲಿಲ್ಲ, ನಿಜ. ಆದರೆ ಮಾರುಕಟ್ಟೆಯಲ್ಲಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಊರಿನವರ ಗುಂಪಿನಲ್ಲಿ ಇರಲಿಲ್ಲ. ಕಿವಿರು ಎತ್ತಿ, ಹೊಟ್ಟೆ ಒತ್ತಿ, ಕಣ್ಣು ನೋಡಿ, ಇದು ಇವತ್ತಿನದು, ಇದು ಮೊನ್ನೆಯದು ಎಂದು ಹೇಳಿಬಿಡುತ್ತಿದ್ದೆ. ಶುಕ್ರವಾರ ಬಂತೆಂದರೆ ಪರಿಚಯದವರು ಫೋನ್ ಮಾಡಿ, ಬನ್ನಿ ಮಾರಾಯ್ರೆ, ನೀವಿಲ್ಲದೆ ಮೀನು ತರುವುದು ಹೇಗೆ ಎನ್ನುತ್ತಿದ್ದರು. ಆಫೀಸಿನಲ್ಲಿ ಹಮದ್ ಬಂದರಿಗೆ ಬಂದುಹೋಗುವ ಹಡಗುಗಳ ಕಾಗದಪತ್ರ ನೋಡುವ ಕೆಲಸ ನನ್ನದು. ಅಲ್ಲಿ ನನ್ನನ್ನು ಯಾರೂ ಅಷ್ಟು ಪ್ರೀತಿಯಿಂದ ಕರೆದದ್ದಿಲ್ಲ. ಆದ್ದರಿಂದ ಶುಕ್ರವಾರ ಮಧ್ಯಾಹ್ನ ಹೆಂಡತಿ ಆ ತಲೆಯನ್ನು ಸಾರಿನಿಂದ ಎತ್ತಿ ನನ್ನ ತಟ್ಟೆಗೆ ಹಾಕುವಾಗ ತಿಂಗಳ ಸಂಬಳ ಕೈಗೆ ಬಂದಷ್ಟೇ ಖುಷಿಯಾಗುತ್ತಿತ್ತು.

ಈ ಖುಷಿಗೆ ಕಲ್ಲು ಹಾಕಿದವರು ನಮ್ಮ ಎದುರು ಫ್ಲ್ಯಾಟಿಗೆ ಬಂದ ಬಾಗಲಕೋಟೆ ಕಡೆಯ ಒಬ್ಬ ಗೃಹಸ್ಥರು. ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೆಂಡತಿ ಮಕ್ಕಳು ಊರಲ್ಲಿ. ಹುಟ್ಟಾ ಸಸ್ಯಾಹಾರಿ; ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಕಡಲನ್ನು ಮೊದಲು ನೋಡಿದ್ದೇ ದೊಡ್ಡವರಾದ ಮೇಲೆ, ಅದೂ ಬಸ್ಸಿನ ಕಿಟಕಿಯಿಂದ ಎಂದು ಅವರೇ ಹೇಳಿದ್ದರು. ಇಂಥ ಮನುಷ್ಯ ಒಂದು ಶುಕ್ರವಾರ ನಮ್ಮ ಬಾಗಿಲು ತಟ್ಟಿ, ಐಸ್ ಪೆಟ್ಟಿಗೆಯಿಂದ ಮೊಳಕೈ ಉದ್ದದ ಹಮೂರ್ ಮೀನೊಂದನ್ನು ಎತ್ತಿ ನನ್ನ ಹೆಂಡತಿಯ ಕೈಗೆ ಕೊಟ್ಟರು.

"ತಗೋರಿ ಅಕ್ಕಾರ. ಕಯಾಕ್ ಅಂತ ಒಬ್ರ ಕೂಡೋ ಸಣ್ಣ ದೋಣಿ ತಗೊಂಡೇನ್ರಿ, ಅದರಾಗ ಕುಂತು ಹಿಡಿದದ್ದು. ನಾ ತಿನ್ನಂಗಿಲ್ಲ, ಹಿಡಿಯೋ ಚಟ ಹತ್ತೈತಿ ಅಷ್ಟ. ನಮ್ಮನ್ಯಾಗ ಇಟ್ರ ಫ್ರಿಜ್ಜಿನಾಗಿನ ಮಜ್ಜಿಗಿ ನಾರತೈತಿ."

ಹೆಂಡತಿ ಕಿವಿರು ಎತ್ತಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಇದು ನೋಡಿ ಮೀನು ಅಂದ್ರೆ. ನೀವು ತರುವುದು ಐಸಲ್ಲಿ ಮಲಗಿ ಮಲಗಿ ಬಂದದ್ದು."

ನಾಲ್ಕು ಜನರ ಮುಂದೆ ಹೇಳಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಆ ಒಬ್ಬರ ಮುಂದೆ ಹೇಳಿದಳು.

ಆ ಮಧ್ಯಾಹ್ನ ಅವಳು ತಲೆಯನ್ನು ಎತ್ತಿ ತನ್ನ ತಟ್ಟೆಗೇ ಹಾಕಿಕೊಂಡಳು. ನಾನು ನೋಡುತ್ತಲೇ ಇದ್ದದ್ದನ್ನು ಕಂಡು, "ತಂದವರು ತಿನ್ನುವುದಿಲ್ಲ ಅಲ್ವಾ, ಹಾಗೆ ನನಗೆ" ಎಂದಳು. ನ್ಯಾಯವಾದ ಮಾತೇ. ಆದರೂ ನನಗೆ ಬಂದ ಬಾಲದ ತುಂಡನ್ನು ತಟ್ಟೆಯ ಅಂಚಿಗೆ ದೂಡಿದೆ. ಮುಂದಿನ ಶುಕ್ರವಾರ ಶೇರಿ ಮೀನು ಬಂತು, ಅದರ ಮುಂದಿನ ವಾರ ಮತ್ತೆ ಹಮೂರ್. ಅವಳು ಕೃತಜ್ಞತೆಗೆಂದು ಎದುರು ಮನೆಗೆ ನೀರುದೋಸೆ, ಗೆಣಸಿನ ಪೋಡಿ, ಹಲಸಿನ ಹಪ್ಪಳ ಕಳಿಸತೊಡಗಿದಳು. ನನಗೆ ನೆಗಡಿಯಾದಾಗ ಮಾಡದ ಕಷಾಯ ಅವರಿಗೆ ನೆಗಡಿಯಾದಾಗ ಹೋಯಿತು. ನಾನು ಮಾರುಕಟ್ಟೆಗೆ ಹೋಗುವುದೇ ನಿಂತಿತು. ಫೋನ್ ಮಾಡುತ್ತಿದ್ದ ಊರಿನವರು ಈಗ ನನ್ನನ್ನು ಬಿಟ್ಟು, ನಿಮ್ಮ ಎದುರು ಮನೆಯವರಿಗೆ ಈ ವಾರ ಏನು ಸಿಕ್ಕಿತು ಎಂದು ಕೇಳುತ್ತಿದ್ದರು.

ಕಡಲು ನೋಡದ ಮನುಷ್ಯ, ಮೀನು ತಿನ್ನದ ಮನುಷ್ಯ ನನ್ನ ಮನೆಗೆ ಮೀನು ಹಾಕುವುದೆಂದರೇನು? ನಾನೂ ಒಂದು ಕಯಾಕ್ ಕೊಳ್ಳುವುದೆಂದು ನಿಶ್ಚಯಿಸಿದೆ. ನಾನೇ ಹಿಡಿದ ಮೀನಿನ ತಲೆ ನನ್ನ ತಟ್ಟೆಗೆ ಬೀಳಬೇಕು. ನನಗೆ ಬೇಕಾದದ್ದು ಇಷ್ಟೇ.

ಅವರನ್ನು ಕೇಳದೆ ಕೊಳ್ಳುವ ಆಸೆಯಿತ್ತು. ಆದರೆ ಕಾರಿನ ಮೇಲೆ ಕಟ್ಟುವ ಪಟ್ಟಿ, ಸರಳು ಎಲ್ಲ ಅವರ ಬಳಿಯೇ ಇದ್ದವು. ಸುದ್ದಿ ಕೇಳಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ನನಗೆ ಮತ್ತಷ್ಟು ಸಿಟ್ಟು ಬಂತು.

"ಮೊದಲ್ನೇದು ಅಗಲ ಇರೋದು ತಗೋರಿ ಸರ" ಎಂದರು. "ಓಡೋದು ಆಮ್ಯಾಲ, ಮೊದಲ ಮಗಚಬಾರದು. ಒಳಗ ಕಾಲು ತೂರಿಸಿ ಕೂಡೋದು ಬ್ಯಾಡ, ಮ್ಯಾಲೆ ಕೂಡೋದು ನೋಡ್ರಿ. ಬಿದ್ರ ಹತ್ತಾಕ ಬರ್ತೈತಿ. ಮತ್ತ ನೀವೊಬ್ರ ಎತ್ತಿ ಕಾರಿನ ಮ್ಯಾಲ ಇಡುವಷ್ಟ ಭಾರ ಇರಬೇಕು. ಕೊಳ್ಳಾಕ ಮೊದಲ ಅದರಾಗ ಕುಂತು ನೋಡ್ರಿ."

ದೋಣಿಯ ವಿಷಯ ನನಗೆ ಬಾಗಲಕೋಟೆಯವರು ಹೇಳಿಕೊಡುವುದೇ? ನಮ್ಮ ದೊಡ್ಡಪ್ಪನಿಗೆ ಸ್ವಂತ ದೋಣಿ ಇತ್ತು. ಮಳೆಗಾಲದಲ್ಲಿ ಅದನ್ನು ಮರಳಿನ ಮೇಲೆ ಎಳೆದು ಕವುಚಿ ಹಾಕಿದಾಗ, ಹಲಗೆಗಳ ಸಂದಿಗೆ ಹತ್ತಿ ತುರುಕಿ ರಾಳ ಮೆತ್ತುವುದು ನಮ್ಮಂಥ ಹುಡುಗರ ಕೆಲಸ. ಬೆರಳು ಹೋಗುವಷ್ಟು ಅಲ್ಲ, ಸೂಜಿ ಹೋಗುವಷ್ಟು ಸಂದಿ ಬಿಟ್ಟರೂ ದೊಡ್ಡಪ್ಪ ಕಿವಿ ಹಿಂಡುತ್ತಿದ್ದರು. ನನ್ನನ್ನು ಕಾಲೇಜಿಗೆ ಕಳಿಸಿದ್ದರಿಂದ ಆ ದೋಣಿಯಲ್ಲಿ ಕಡಲಿಗೆ ಹೋಗಲಿಲ್ಲ ಅಷ್ಟೆ. ಮರಳಿನ ಮೇಲೆ ಕಲಿಯುವುದನ್ನೆಲ್ಲ ಕಲಿತಿದ್ದೇನೆ ಎಂದೇ ನನ್ನ ನಂಬಿಕೆ.

ಲುಸೈಲಿನಲ್ಲಿ ದೇಶ ಬಿಟ್ಟು ಹೊರಟಿದ್ದ ಒಂದು ವಿದೇಶಿ ಕುಟುಂಬ ಮನೆ ಸಾಮಾನು ಮಾರುತ್ತಿತ್ತು. ಅವರ ಬಳಿ ಕಯಾಕ್ ಒಂದಿತ್ತು. ನಾವಿಬ್ಬರೂ ಹೋದೆವು. ಕಡಲೆಕಾಯಿಯ ಬಣ್ಣ, ಅಗಲ, ಮೇಲೆ ಕೂರುವಂಥದ್ದು. ಎದುರು ಮನೆಯವರು ಅದನ್ನು ಎತ್ತಿ ನೋಡಿ, ತಿರುಗಿಸಿ ನೋಡಿ, ನನ್ನನ್ನು ಕೂರಿಸಿ ನೋಡಿ ಆಗಬಹುದೆಂದು ತಲೆಯಾಡಿಸಿದರು. ನನ್ನ ಕಣ್ಣು ಮಾತ್ರ ಬೇರೆ ಕಡೆ ಇತ್ತು. ಕೂರುವ ಜಾಗದಲ್ಲಿ, ಕಾಲಿಡುವ ಜಾಗದಲ್ಲಿ ತೂತುಗಳು. ಮೇಲಿನಿಂದ ಬಗ್ಗಿ ನೋಡಿದರೆ ಕೆಳಗಿನ ನೆಲ ಕಾಣುತ್ತಿತ್ತು. ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು.

ನಾನು ಒಳಗೊಳಗೇ ನಕ್ಕೆ. ತೂತಿನ ದೋಣಿ ನೋಡಿ ತಲೆಯಾಡಿಸುವ ಇವರ ಜ್ಞಾನ ಇಷ್ಟೇ ಎಂದುಕೊಂಡೆ. ಇವರ ಕಯಾಕಿನಲ್ಲೂ ಇಂಥದೇ ತೂತುಗಳಿದ್ದು, ಇಷ್ಟು ದಿನ ಅದೃಷ್ಟದಿಂದ ಬದುಕಿದ್ದಾರೆ. ತಿದ್ದಿ ಹೇಳಲು ನನಗೆ ಮನಸ್ಸಿರಲಿಲ್ಲ. ಎಂದಾದರೂ ಅವರ ದೋಣಿಗೆ ನೀರು ನುಗ್ಗಿದಾಗ ನನ್ನದು ತೇಲುತ್ತಿರಲಿ, ನಾನೇ ಕೈ ಕೊಟ್ಟು ಎತ್ತುತ್ತೇನೆ. ಹೆಂಡತಿಯೂ ಕೇಳಿ ತಿಳಿಯಲಿ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ವಾರವೆಲ್ಲ ನನಗೆ ಆ ಕಲ್ಪನೆಯೇ ಊಟವಾಗಿತ್ತು.

ಕೊಂಡು ತಂದ ಕಯಾಕನ್ನು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಕವುಚಿ ಹಾಕಿ ಎಲ್ಲ ತೂತುಗಳಿಗೂ ಸಿಲಿಕಾನ್ ತುಂಬಿದೆ. ಬಚ್ಚಲುಮನೆಯ ಸಂದಿಗೆ ಹಾಕುತ್ತಾರಲ್ಲ, ಅದೇ. ಒಣಗಿದ ಮೇಲೆ ಇನ್ನೊಂದು ಸುತ್ತು. ದೊಡ್ಡಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅಲ್ ವಕ್ರಾ ಊರಿನ ಕಡಲ ದಂಡೆಯಿಂದ ಇಬ್ಬರೂ ಹೊರಟೆವು. ತೇಲುವ ಜಾಕೆಟ್ ಹಾಕಿಕೊಳ್ಳಲೇಬೇಕೆಂದು ಅವರು ಹಟ ಮಾಡಿದ್ದರಿಂದ ಹಾಕಿಕೊಂಡಿದ್ದೆ. ಮೊದಲು ಎಲ್ಲ ಚೆನ್ನಾಗಿತ್ತು. ನೀರು ನಿಂತ ಕೆರೆಯ ಹಾಗಿತ್ತು. ಹುಟ್ಟು ಹಾಕಿದ ಕಡೆ ಕಯಾಕ್ ಹೋಗುತ್ತಿತ್ತು. ಅವರ ಕಾಲ ಬಳಿ ತೂತಿನಿಂದ ಸ್ವಲ್ಪ ನೀರು ಏಳುವುದೂ ಇಳಿಯುವುದೂ ಕಂಡಿತು. ನನ್ನದು ಬಟ್ಟಲಿನಂತೆ ಒಣಗಿತ್ತು. ಇನ್ನು ಸ್ವಲ್ಪ ಹೊತ್ತು ಎಂದುಕೊಂಡೆ.

ಆಗ ದೂರದಲ್ಲಿ ಯಾರದೋ ಮೋಟಾರ್ ದೋಣಿ ಜೋರಾಗಿ ಹೋಯಿತು. ಅದರ ಅಲೆ ಬಂದು ನನ್ನ ಮಡಿಲಿಗೇ ಬಿತ್ತು. ಇನ್ನೊಂದು ಬಂತು. ಬಂದ ನೀರು ಹೋಗಲಿಲ್ಲ. ನಾನು ಸೊಂಟದವರೆಗೆ ನೀರಿರುವ ತೊಟ್ಟಿಯಲ್ಲಿ ಕುಳಿತಿದ್ದೆ. ಆ ನೀರು ಎಡಕ್ಕೆ ಹೋದರೆ ಕಯಾಕ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮೂರನೆಯ ಅಲೆಗೆ ನಾನೂ, ಹೊಸ ಗಾಳದ ಕೋಲೂ, ಸೀಗಡಿಯ ಡಬ್ಬಿಯೂ ಒಟ್ಟಿಗೆ ಕಡಲಿಗೆ ಬಿದ್ದೆವು. ಗಾಳದ ಕೋಲು ಈಗಲೂ ಅಲ್ಲೇ ಇರಬೇಕು.

ಅವರು ಬಂದು ನನ್ನನ್ನು ಹಿಡಿದುಕೊಂಡರು. ಕಯಾಕನ್ನು ಹಗ್ಗ ಕಟ್ಟಿ ಎಳೆದರು. ಆಳವಿಲ್ಲದ ಕಡೆ ಅದನ್ನು ಕವುಚಿದಾಗ ಬಿಳಿಯ ಸಿಲಿಕಾನ್ ಮುದ್ದೆಗಳು ಸಾಲಾಗಿ ಕಂಡವು. ಅವರು ಬೆರಳಿಂದ ಒಂದನ್ನು ಮುಟ್ಟಿದರು.

"ಯಾಕ ಮುಚ್ಚೀರಿ ಸರ ಇವನ್ನ? ಇದು ಒಳಗ ಗಾಳಿ ತುಂಬಿದ ಡಬ್ಬಿರಿ. ತೂತೆಲ್ಲ ಕೊಳವಿ, ಒಳಗ ನೀರು ಬಿಡಂಗಿಲ್ಲ. ಮ್ಯಾಲೆ ಬಿದ್ದ ನೀರು ಇದರಾಗ ಇಳಿದು ಹೋಗತೈತಿ."

ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಅಂದು ಸಿಕ್ಕ ಎರಡು ಶೇರಿಗಳನ್ನು ಮನೆಗೆ ತಂದು, ಅಕ್ಕಾರ, ಇವತ್ತು ಅಲೆ ಭಾಳ ಇತ್ತರಿ ಎಂದಷ್ಟೇ ಹೇಳಿ ನನ್ನ ಮಾನ ಉಳಿಸಿದರು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಮೀನು ಹಿಡಿಯುವುದಷ್ಟೇ ಅಲ್ಲ, ಈ ಮನುಷ್ಯ ನನಗಿಂತ ಒಳ್ಳೆಯವನೂ ಆಗಿರಬೇಕೇ?

ಆ ಸಿಲಿಕಾನನ್ನು ಅಡುಗೆಮನೆಯ ಚಾಕುವಿನಿಂದ ಕೆರೆದು ತೆಗೆದೆ. ಮುಂದೆ ವಾರವಾರವೂ ಹೋದೆವು. ಅವರಿಗೆ ಮೀನು ಸಿಗುತ್ತಿತ್ತು, ನನಗೆ ಬಿಸಿಲು ಸಿಗುತ್ತಿತ್ತು. ಒಂದೇ ಜಾಗ, ಒಂದೇ ಸೀಗಡಿ, ಒಂದೇ ಗಾಳ. ನನ್ನ ದಾರಕ್ಕೆ ಬಂದ ಮೀನು ಹತ್ತಿರ ಬಂದು ಬಿಡಿಸಿಕೊಂಡು ಅವರ ದಾರಕ್ಕೆ ಹೋಗುತ್ತದೆಂದು ಒಮ್ಮೆ ನಿಜವಾಗಿಯೂ ಅನುಮಾನ ಬಂದಿತ್ತು. ಮನೆಯಲ್ಲಿ ಹೆಂಡತಿ ಕೇಳುವುದನ್ನೇ ಬಿಟ್ಟಿದ್ದಳು. ನಾನು ಬಂದರೆ ಒದ್ದೆ ಬಟ್ಟೆಗೆ ಬಕೆಟ್, ಅವರು ಬಂದರೆ ಮೀನಿಗೆ ಪಾತ್ರೆ.

ಚಳಿಗಾಲ ಮುಗಿಯುವ ಹೊತ್ತಿನ ಒಂದು ಶುಕ್ರವಾರ ನನ್ನ ದಾರ ನೆಲಕ್ಕೆ ಸಿಕ್ಕಿಹಾಕಿಕೊಂಡಿತು ಎಂದುಕೊಂಡೆ. ನೆಲ ಎಳೆಯತೊಡಗಿತು. ಕಯಾಕ್ ತಿರುಗಿತು. ಅವರು ದೂರದಿಂದ, ಅವಸರ ಬ್ಯಾಡ, ದಾರ ಬಿಡ್ರಿ, ಈಗ ಎಳೀರಿ ಎನ್ನುತ್ತಿದ್ದರು. ನಾನು ಕೇಳಿಸಿಕೊಂಡೆನೋ ಇಲ್ಲವೋ ತಿಳಿಯದು. ಕೊನೆಗೆ ಮೇಲೆ ಬಂದದ್ದು ಹಮೂರ್. ಅವರು ಅಲ್ಲಿಯವರೆಗೆ ತಂದ ಯಾವ ಮೀನಿಗಿಂತಲೂ ದೊಡ್ಡದು. ಅಂದು ಅವರಿಗೆ ಒಂದೂ ಸಿಕ್ಕಿರಲಿಲ್ಲ. ಅದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ದಾರಿಯುದ್ದಕ್ಕೂ ಕಾರಿನಲ್ಲಿ ನಾನು ಹಾಡಿಕೊಳ್ಳುತ್ತಿದ್ದೆ. ಮನೆಯ ಮುಂದೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಬಿಸಿಲಿನಲ್ಲಿ ಮೀನು ಕೆಡುವುದು ಬೇಡವೆಂದು ಅವರು ಪೆಟ್ಟಿಗೆ ಹಿಡಿದು ಮೇಲೆ ಹೋದರು. ನಾನು ಹಿಂದಿನ ಬೀದಿಯಲ್ಲಿ ಕಾರು ನಿಲ್ಲಿಸಿ, ಎರಡೂ ಹುಟ್ಟುಗಳನ್ನು ಹೆಗಲ ಮೇಲಿಟ್ಟುಕೊಂಡು ಬಂದೆ. ಲಿಫ್ಟಿನ ಬಾಗಿಲು ತೆರೆದಾಗ ಹೆಂಡತಿಯ ದನಿ ಕೇಳಿಸಿತು.

"ಅಬ್ಬ, ಇದು ಎಂಥ ಮೀನು ಅಣ್ಣ. ನಿಮ್ಮ ಕೈಗುಣ ಯಾರಿಗೂ ಇಲ್ಲ."

"ನಂದಲ್ರಿ ಅಕ್ಕಾರ" ಎಂದರು ಅವರು. "ಸರ್ ಹಿಡಿದದ್ದು. ದೇವರಾಣಿ, ನನಗಿವತ್ತ ಒಂದೂ ಸಿಗಲಿಲ್ಲ."

ಹೆಂಡತಿಯ ದನಿ ತೇವವಾಯಿತು. "ನೀವು ತುಂಬ ಒಳ್ಳೆಯವರು ಅಣ್ಣ. ಅವರಿಗೆ ಬೇಜಾರಾಗಬಾರದು ಅಂತ ಇಷ್ಟು ಯೋಚನೆ ಮಾಡ್ತೀರಲ್ಲ. ಆಯ್ತು, ನಾನು ಹಾಗೆಯೇ ಹೇಳ್ತೇನೆ."

ಅವರು ಮತ್ತೆ ಏನೋ ಹೇಳಲು ಹೋದರು. ಅವಳು ಕೇಳಲಿಲ್ಲ. ನಾನು ಲಿಫ್ಟಿನ ಪಕ್ಕದಲ್ಲಿ ಹುಟ್ಟುಗಳನ್ನು ಹೊತ್ತು ನಿಂತಿದ್ದೆ.

ಊಟಕ್ಕೆ ಕುಳಿತಾಗ ನಾನು ಬಾಯಿಬಿಟ್ಟೇ ಹೇಳಿದೆ. "ಇದು ನಾನು ಹಿಡಿದದ್ದು ಮಾರಾಯ್ತಿ. ನಾನೇ."

"ಗೊತ್ತುಂಟು" ಎಂದಳು. ಜ್ವರ ಬಂದವರಿಗೆ ಗಂಜಿ ಕೊಡುವಾಗ ಮಾತಾಡುತ್ತಾಳಲ್ಲ, ಆ ದನಿ. ಸಾರಿನಿಂದ ತಲೆಯನ್ನು ಎತ್ತಿ, ಒಡೆಯದಂತೆ ಜೋಪಾನವಾಗಿ ನನ್ನ ತಟ್ಟೆಗೆ ಹಾಕಿದಳು. ಮೇಲೆ ಎರಡು ಚಮಚ ಮಸಾಲೆಯನ್ನೂ ಸುರಿದಳು. "ತಿನ್ನಿ. ನೀವು ಹಿಡಿದದ್ದಲ್ವಾ."

ಆಮೇಲೆ ಎದ್ದು, ಎದುರು ಮನೆಗೆಂದು ತೆಗೆದಿಟ್ಟಿದ್ದ ಪಾಯಸದ ಪಾತ್ರೆಗೆ ಇನ್ನೊಂದು ಸೌಟು ಪಾಯಸ ಹಾಕಿ, ಮೇಲೆ ಗೋಡಂಬಿ ಉದುರಿಸಿ, ಕೊಟ್ಟು ಬರಲು ಹೋದಳು. ಅಷ್ಟು ದಿನ ಹಂಬಲಿಸಿದ್ದ ತಲೆ ನನ್ನ ಮುಂದಿತ್ತು. ಅದು ನನ್ನದೇ ಆಗಿತ್ತು. ನಾನು ಅದರ ಕಣ್ಣನ್ನೂ ಬಿಡದೆ ತಿಂದೆ.