ಕೃತ್ತಿಕೆಯಲ್ಲಿ ಮೂರು ಚುಕ್ಕಿ

ಓ ಬಂದರದ ಬದಿಯವರೇ, ಬಲೆ ಹೊಲಿಯುತ್ತ ಕೂತ ಅಕ್ಕಂದಿರೇ, ಅಲ್ಲಿ ಬಸ್ಸಿಗೆ ಕಾಯುವವರೇ, ಸ್ವಲ್ಪ ಈಚೆ ಕಿವಿ ಕೊಡಿ! ನಮ್ಮ ತದಡಿಯ ಮಾಸ್ತಿ ತಾಂಡೇಲನ ಸುದ್ದಿ ಇದು.

ತಾಂಡೇಲ ಅಂದರೆ ದೋಣಿಯ ಚುಕ್ಕಾಣಿ ಹಿಡಿದು ನಡೆಸುವವ. ಮಾಸ್ತಿ ಅದನ್ನು ಹಿಡಿದು ಮೂವತ್ತೊಂದು ವರ್ಷ. ಹೊಳೆ ಕಡಲಿಗೆ ಸೇರುವ ಅಳಿವೆಯನ್ನು ದಾಟುವುದು ಹುಡುಗಾಟವಲ್ಲ. ಅಲ್ಲಿಯ ಮರಳ ದಿಬ್ಬ ನಿಂತಲ್ಲಿ ನಿಲ್ಲುವುದಿಲ್ಲ. ಫೋನಿನ ನಕ್ಷೆಗೆ ಹಳೇ ದಿಬ್ಬ ಗೊತ್ತು, ಇವತ್ತಿನದು ಗೊತ್ತಿಲ್ಲ. ತೆರೆ ಎಲ್ಲಿ ಒಡೆಯುತ್ತದೆಂದು ನಸುಕಿನ ಮಬ್ಬಿನಲ್ಲಿ ಕಣ್ಣೇ ಹೇಳಬೇಕು. ಅದಕ್ಕೇ ಮಾಸ್ತಿಯ ಅಪ್ಪ ಒಂದು ಪರೀಕ್ಷೆ ಇಟ್ಟಿದ್ದ: ಕೃತ್ತಿಕೆಯ ಗೊಂಚಲಲ್ಲಿ ಆರು ಚುಕ್ಕಿ ಎಣಿಸಿದವನಿಗೆ ಮಾತ್ರ ಚುಕ್ಕಾಣಿ. ಮಾಸ್ತಿಯೂ ಅದನ್ನೇ ನಡೆಸಿಕೊಂಡು ಬಂದ. ಐದು ಎಂದವನಿಗೆ, "ಆತು, ನೀ ಬಲೆ ಎಳಿ, ಹೋಗು" ಎನ್ನುತ್ತಿದ್ದ.

ಈಗ ಅವನಿಗೇ ಮೂರು ಕಾಣುತ್ತಿತ್ತು.

ದೀಪಾವಳಿಯ ಹೊತ್ತಿಗೆ ಕಣ್ಣಿನ ಕ್ಯಾಂಪಿನ ಡಾಕ್ಟರು, ಕಣ್ಣಿನ ನರ ಹೋಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದಿದ್ದರು. ಮಾಸ್ತಿ ಚೀಟಿಯನ್ನು ಮಡಚಿ ಬೀಡಿ ಡಬ್ಬಿಯಲ್ಲಿಟ್ಟ. ಯಾರಿಗೂ ಹೇಳಲಿಲ್ಲ. ಮೊನ್ನೆ ಸೋಮವಾರ ಅಳಿವೆಯಲ್ಲಿ ಎಡಗಡೆಯಿಂದ ಎದ್ದ ತೆರೆ ಅವನಿಗೆ ಕಾಣಲೇ ಇಲ್ಲ. ಜೊತೆಯ ನಿತ್ಯಾನಂದ ಕೂಗಿ, ಹಾರಿ ಬಂದು ಚುಕ್ಕಾಣಿ ತಿರುಗಿಸಿದ್ದಕ್ಕೆ ಏಳು ಜನ ಉಳಿದರು.

"ಎಂತ ತಾಂಡೇಲ್ರೆ, ಹೊಸ ಮದುವೆ ಗಂಡಿನಂಗೆ ಎಲ್ಲಿ ನೋಡ್ತಿದ್ರಿ?" ಎಂದ ನಿತ್ಯಾನಂದ. ದೋಣಿಯೆಲ್ಲ ನಕ್ಕಿತು. ಮಾಸ್ತಿಯೂ ನಕ್ಕ.

ನಿನ್ನೆ ರಾತ್ರಿ ಒಂಬತ್ತಕ್ಕೆ ಅಂಗಳದಲ್ಲಿ ಚಾಪೆ ಹಾಸಿ ಮಲಗಿದ್ದ. ಕೃತ್ತಿಕೆ ನೆತ್ತಿಯ ಮೇಲಿತ್ತು. ಕುಮಟೆಯಲ್ಲಿ ಪಿಯುಸಿ ಓದುವ ಮಗಳು ದೀಪಿಕಾ ಜಗಲಿಯಲ್ಲಿ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನಕ್ಷತ್ರಗಳ ಸಾವು ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಸ್ತಿ ಎದ್ದು ಕೂತ.

"ಚುಕ್ಕಿಯೂ ಸಾಯ್ತದ್ಯಾ?"

"ಸಾಯ್ದೆ ಎಂತ ಮಾಡ್ತದೆ ಅಪ್ಪಾ? ಅನಿಲ, ದೂಳಿನ ಮೋಡದಲ್ಲಿ ಹುಟ್ತದೆ. ಹೊಟ್ಟೆಯೊಳಗಿನ ಹೈಡ್ರೋಜನ್ ಉರಿಸ್ತಾ ಬದುಕ್ತದೆ. ಅದು ಮುಗದ್ಮೇಲೆ ಉಬ್ಬಿ ಕೆಂಪಾಗ್ತದೆ. ನಮ್ಮ ಸೂರ್ಯನಂಥದ್ದು ಕಡೆಗೆ ಕುಗ್ಗಿ ಬಿಳೀ ಸಣ್ಣ ಉಂಡೆ ಆಗ್ತದೆ. ಭಾರೀ ದೊಡ್ಡದಾದ್ರೆ ಸಿಡಿದೇ ಹೋಗ್ತದೆ."

ಮಾಸ್ತಿಗೆ ಎರಡು ತಿಂಗಳ ಮೇಲೆ ಉಸಿರು ನೆಟ್ಟಗೆ ಬಂತು. ಹಾಗಾದರೆ ಕಣ್ಣಿಗೆ ಏನೂ ಆಗಿಲ್ಲ!

"ನಂಗೆ ಗೊತ್ತಿತ್ತು! ಕೃತ್ತಿಕೆಯಲ್ಲಿ ಮೂರು ಸತ್ತೇ ಹೋದವು!"

ದೀಪಿಕಾ ಕಿಸಕ್ಕನೆ ನಕ್ಕಳು. "ಅವು ಬಾಲವಾಡಿ ಮಕ್ಕಳು ಮಾರಾಯಾ. ಹುಟ್ಟಿ ಬರೀ ಹತ್ತು ಕೋಟಿ ವರ್ಷ."

"ಹತ್ತು ಕೋಟಿ, ಬರೀನಾ?"

"ಸೂರ್ಯಂಗೆ ನಾನೂರೈವತ್ತು ಕೋಟಿ ಆತು. ಇವಕ್ಕೆ ಈಗೆಲ್ಲ ಎಂತದೂ ಆಗೂದಿಲ್ಲ." ಅವಳು ಅಂಗಳಕ್ಕಿಳಿದು ಬೆರಳೆತ್ತಿ ಎಣಿಸಿದಳು. "ನೋಡು, ಆರೂ ಇದೆ. ಸಮಾ ನೋಡಿದ್ರೆ ಏಳನೇದೂ ಕಾಣ್ತದೆ. ನಿಂಗೆಷ್ಟು?"

"ಆರೇ," ಎಂದ ಮಾಸ್ತಿ.

ಅವಳು ಪುಸ್ತಕದ ಹತ್ತಿರ ಹೋದಳು. ಮಾಸ್ತಿ ಎಡಗಣ್ಣು ಮುಚ್ಚಿ ನೋಡಿದ. ಮೂರು. ಬಲಗಣ್ಣು ಮುಚ್ಚಿದ. ಗೋಡೆಗೆ ಸುಣ್ಣ ಮೆತ್ತಿದ ಹಾಗೆ ಬರೀ ಒಂದು ಕಲೆ. ಸಾಯುತ್ತಿದ್ದದ್ದು ಯಾವುದೆಂದು ಇನ್ನು ಯಾರೂ ಹೇಳಬೇಕಿರಲಿಲ್ಲ. ಅವನು ಮನೆಯ ಹಿಂದಕ್ಕೆ ಹೋಗಿ ನಿತ್ಯಾನಂದನಿಗೆ ಫೋನು ಹಚ್ಚಿದ.

"ನಿತ್ಯಾ, ನಾಳೆ ಅಳಿವೆ ನೀನೇ ದಾಟ್ಸು."

"ಯಾಕ್ರೆ, ಜ್ವರನಾ?"

"ಅಲ್ಲ."

"ಹಂಗಾರೆ ನಾಡಿದ್ದು ಬರ್ತ್ರಿ ಅಲ್ದಾ?"

"ಇಲ್ಲ. ಇನ್ನು ತಾಂಡೇಲ ನೀನೇ. ನಂಗೆ ಮೂರೇ ಕಾಣ್ತದೆ."

ಯಾವಾಗಲೂ ಚಟಪಟ ಮಾತಾಡುವ ನಿತ್ಯಾನಂದ ತಮಾಷೆಗೆ ಬಾಯಿ ತೆರೆಯುವ ಮೊದಲೇ ಮಾಸ್ತಿ ಫೋನು ಕಟ್ ಮಾಡಿದ.