ಮೇಷ್ಟ್ರ ಕೆಂಪು ಪೆನ್ನು

ನಾನು ಓದು ಬಿಟ್ಟಿದ್ದು 2003ರಲ್ಲಿ. ಆ ವರ್ಷ ನಮ್ಮ ವಿಜ್ಞಾನದ ಮೇಷ್ಟ್ರ ಎಲ್ಲ ಬಿಳಿ ಅಂಗಿಗಳ ಜೇಬಿನ ಕೆಳಗೂ ಒಂದೊಂದು ಕೆಂಪು ಕಲೆ ಇತ್ತು. ಜೇಬಿನಲ್ಲಿ ಹಾಜರಿ ಹಾಕಲು ಎರಡು ಪೆನ್ನು: ಬಂದವರಿಗೆ ನೀಲಿ, ಬರದವರಿಗೆ ಕೆಂಪು. ಕೆಂಪಿನದು ಸೋರುತ್ತಿತ್ತು. ಅವರ ಮನೆಯವರು ನಿಂಬೆಹುಳಿ ಹಾಕಿ ಉಜ್ಜಿದರೂ ಕಲೆ ಹೋಗದೆ ಬರೀ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತಂತೆ. ಪೆನ್ನು ಬದಲಾಯಿಸಿ ಸರ್ ಅಂದರೆ, ಬರೆಯೋ ಪೆನ್ನನ್ನ ಯಾಕೋ ಎಸೀಲಿ ಅನ್ನೋರು.

ಗುಬ್ಬಿ ತಾಲ್ಲೂಕು, ನಿಟ್ಟೂರಿನ ಆಚೆ ನಮ್ಮ ಸರ್ಕಾರಿ ಹೈಸ್ಕೂಲು. ಹತ್ತನೇ ಕ್ಲಾಸಿನ ಹಾಜರಿ ಹಾಕುತ್ತಿದ್ದವರೂ ಅವರೇ, ವಿಜ್ಞಾನ ಸಂಘ ನಡೆಸುತ್ತಿದ್ದವರೂ ಅವರೇ. ನಾಲ್ಕೂವರೆ ಗಂಟೆ ಹೊಡೆದ ಕೂಡಲೇ ಉಳಿದ ಮೇಷ್ಟ್ರುಗಳು ರೈಲಿಗೆ ಓಡುತ್ತಿದ್ದರು. ಇವರು ಲ್ಯಾಬಿನ ಬೀಗ ತೆಗೆದು, ಅಂಗಿ ತೋಳು ಮಡಚಿ, ಹಳೇ ರೇಡಿಯೋ, ಕೆಟ್ಟ ಫ್ಯಾನು ಎಲ್ಲ ಬೆಂಚಿನ ಮೇಲೆ ಸುರಿಯುತ್ತಿದ್ದರು. "ಇಲ್ಲಿ ಹಾಜರಿ ಇಲ್ಲ ಕಣ್ರೋ. ಬಂದವ್ನೇ ಬಂದ" ಅನ್ನೋರು. ನನಗೆ ಇಂಗ್ಲಿಷು ಹತ್ತುತ್ತಿರಲಿಲ್ಲ, ಗಣಿತ ಅರ್ಧಂಬರ್ಧ. ಆದರೆ ಫ್ಯಾನು ಬಿಚ್ಚಿದರೆ ಯಾವ ತಂತಿ ಎಲ್ಲಿಂದ ಬಂದಿದೆ ಅಂತ ಬೆರಳಿಗೇ ತಿಳಿಯುತ್ತಿತ್ತು. ಹಾಗಂತ ಮೊದಲು ಗುರುತಿಸಿದವರು ಅವರು. ಅದಕ್ಕೂ ಮೊದಲು ನನ್ನ ವಿಷಯದಲ್ಲಿ ಯಾರೂ ಏನನ್ನೂ ಗುರುತಿಸಿರಲಿಲ್ಲ.

ಹತ್ತನೇ ಕ್ಲಾಸಿನ ವರ್ಷ ತುಮಕೂರಿನಲ್ಲಿ ಜಿಲ್ಲಾ ವಸ್ತುಪ್ರದರ್ಶನ. ಬೋರ್‌ವೆಲ್ಲಿನಲ್ಲಿ ನೀರು ಮುಗಿದರೆ ಮೋಟರು ಸುಟ್ಟುಹೋಗುವ ಮೊದಲೇ ತಾನಾಗಿ ನಿಲ್ಲುವಂಥ ಸ್ಟಾರ್ಟರು ಮಾಡೋಣ ಅಂದರು. ಮಾಡಿದೆ. ತಂತಿ ಸುರುಳಿಯ ಕಾಯಿಲು ನಾನೇ ಸುತ್ತಿದೆ, ಏಳು ಸಲ ಬಿಚ್ಚಿ ಎಂಟನೇ ಸಲ ಸರಿಹೋಯಿತು. ಸಂಜೆಯ ಹೊತ್ತು ಸಾಲದೆ ಹಗಲೂ ಲ್ಯಾಬಿನಲ್ಲೇ ಇರುತ್ತಿದ್ದೆ. ತಾಮ್ರದ ತಂತಿಗೆ ಅಂತ ಅವರೇ ತುಮಕೂರಿಗೆ ಕಳಿಸುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹಾಜರಿ ಕೂಗುವಾಗ ನನ್ನ ಜಾಗ ಖಾಲಿ. ನಾನು ಎಲ್ಲಿದ್ದೇನೆ ಅಂತ ಅವರಿಗೇ ಗೊತ್ತು. ಆದರೂ ಕೆಂಪು ಪೆನ್ನು ತೆಗೆಯುತ್ತಿದ್ದರು. ಜಾಗದಲ್ಲಿ ಕೂತಿದ್ದರೆ ಹಾಜರಿ, ಇಲ್ಲದಿದ್ದರೆ ಇಲ್ಲ, ಅದು ಅವರ ನಿಯಮ. ಅವರ ಪುಸ್ತಕದಲ್ಲಿ ಒಂದು ತಿದ್ದುಪಡಿ ಇರುತ್ತಿರಲಿಲ್ಲ, ಅದು ಅವರಿಗೆ ದೊಡ್ಡ ಹೆಮ್ಮೆ.

ಒಂದು ದಿನ ಹೆದರಿ ಕೇಳಿದೆ. "ಸಂಘದ ಕೆಲಸ ಅಂತ ಕೊನೇಲಿ ಒಂದು ಕಾಗದ ಬರೆದು ಎಲ್ಲಾ ಒಟ್ಟಿಗೆ ಸರಿ ಮಾಡಿಸ್ತೀನಿ, ನೀನು ಕಾಯಿಲು ನೋಡು" ಅಂದರು. ಅವ್ವನಿಗೆ ಹೇಳಿದರೆ ಅವಳೂ, ಮೇಷ್ಟ್ರು ಇದಾರಲ್ಲ ಬುಡು ಅಂದಳು.

ತುಮಕೂರಿನಲ್ಲಿ ನಮಗೇ ಮೊದಲ ಬಹುಮಾನ. ತೀರ್ಪುಗಾರರಿಗೆ ವಿವರಿಸಿದ್ದು ಕ್ಲಾಸಿಗೆ ಫಸ್ಟ್ ಬರುತ್ತಿದ್ದ ಹುಡುಗಿ. ನನ್ನ ಮಾತು ಒರಟು ಅಂತ ನನ್ನನ್ನು ಮೇಜಿನ ಹಿಂದೆ ನಿಲ್ಲಿಸಿದ್ದರು. ಅದಕ್ಕೆ ಬೇಜಾರಿರಲಿಲ್ಲ. ಶೀಲ್ಡು ಹೆಡ್ ಮೇಷ್ಟ್ರ ಬೀರುವಿನ ಮೇಲೆ ಹೋಗಿ ಕೂತಿತು.

ಫೆಬ್ರವರಿಯಲ್ಲಿ ಅದೇ ಬೀರುವಿನ ಮುಂದೆ ನನ್ನನ್ನು ನಿಲ್ಲಿಸಿದರು. ಹಾಜರಿ ಕಮ್ಮಿ, ಹಾಲ್ ಟಿಕೆಟ್ಟು ಕೊಡಲು ಬರುವುದಿಲ್ಲ. ರಾಗಿ ಕೊಯ್ಲಿಗೆ ಅಂತ ನಾನೇ ತಪ್ಪಿಸಿಕೊಂಡ ದಿನಗಳೂ ಇದ್ದವು, ಸುಳ್ಳು ಹೇಳುವುದಿಲ್ಲ. ಅಷ್ಟೇ ಆಗಿದ್ದರೆ ದಾಟುತ್ತಿದ್ದೆ. ಸಂಘದ ದಿನಗಳು ಸೇರಿ ಮುಳುಗಿದೆ. ಕ್ಲಾಸಿನ ಹೊತ್ತಿನಲ್ಲಿ ಹತ್ತನೇ ಕ್ಲಾಸಿನವರನ್ನು ಬೇರೆ ಯಾವ ಕೆಲಸಕ್ಕೂ ಬಿಡಬಾರದು ಅಂತ ಆಗ ತಾನೇ ಮೇಲಿನವರು ತಾಕೀತು ಮಾಡಿದ್ದರು. ಮೇಷ್ಟ್ರಿಗೆ ಬಡ್ತಿ ಬರುವ ಸಮಯ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

"ಇಷ್ಟು ದಿನ ಎಲ್ಲಿಗೆ ಹೋಗಿದ್ದ ಇವನು?" ಅಂತ ಹೆಡ್ ಮೇಷ್ಟ್ರು ಕೇಳಿದ್ದು ನನ್ನನ್ನಲ್ಲ, ಅವರನ್ನು.

ಮೇಷ್ಟ್ರು ಜೇಬಿನ ಪೆನ್ನು ಮುಟ್ಟಿಕೊಂಡರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಅವರ ಮನೇಲಿ ಹೊಲದ ಕೆಲಸ ಜಾಸ್ತಿ ಸರ್" ಅಂದರು.

ನಾನೇ ಬಾಯಿ ಬಿಡಬಹುದಿತ್ತು. ಶೀಲ್ಡು ತೋರಿಸಿ, ಅದನ್ನೇ ಕೇಳಿ ಸಾರ್ ಅನ್ನಬಹುದಿತ್ತು. ಅನ್ನಲಿಲ್ಲ. ಅವರು ಹೇಳಬೇಕಾದ ಮಾತನ್ನು ನಾನು ಯಾಕೆ ಹೇಳಲಿ ಅಂತ ಹದಿನಾರು ವರ್ಷದವನ ಹಠ. ಹೊರಗೆ ಬಂದ ಮೇಲೆ ಮೇಷ್ಟ್ರು ನನ್ನ ಭುಜ ಹಿಡಿದುಕೊಂಡು, "ಮುಂದಿನ ವರ್ಷ ಕಟ್ಟು. ಆದರೂ ನಿನ್ನಂಥ ಕೈಗೆ ಸರ್ಟಿಫಿಕೇಟು ಯಾಕೆ ಬೇಕು ಹೇಳು" ಅಂದರು. ಎಂಎಸ್ಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ ಮನುಷ್ಯ.

ಬೀಳ್ಕೊಡುಗೆ ಸಮಾರಂಭದ ದಿನ ಮೈಕು ಕೆಟ್ಟಿದೆ, ಬಾ ಅಂತ ಹೇಳಿ ಕಳಿಸಿದರು. ಹೋಗಿ ಸರಿ ಮಾಡಿಕೊಟ್ಟೆ. ನಮ್ಮ ಶಾಲೆಯಲ್ಲಿ ಹಾಲ್ ಟಿಕೆಟ್ಟನ್ನು ಅವತ್ತೇ, ವೇದಿಕೆ ಮೇಲೆ, ಒಬ್ಬೊಬ್ಬರ ಹಾಜರಿ ನಂಬರು, ಹೆಸರು ಕೂಗಿ ಕೊಡುವ ಪದ್ಧತಿ. ನಾನು ಸರಿ ಮಾಡಿದ ಮೈಕಿನಲ್ಲಿ ಮೇಷ್ಟ್ರು ಹೆಸರು ಕೂಗಿದರು. ಹದಿನೆಂಟಾದ ಮೇಲೆ ಇಪ್ಪತ್ತು ಅಂದರು. ಹತ್ತೊಂಬತ್ತು ನನ್ನ ನಂಬರು.

ಮುಂದಿನ ವರ್ಷ ಕಟ್ಟಲಿಲ್ಲ. ಗುಬ್ಬಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿಗೆ ಸೇರಿದೆ, ಆಮೇಲೆ ನನ್ನದೇ ಇಟ್ಟೆ. ಒಂದು ಸಲ ಲೈನ್‌ಮನ್ ಕೆಲಸಕ್ಕೆ ಕರೆದಿದ್ದರು, ಅರ್ಜಿಯ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿದರು. ವಾಪಸ್ ಬಂದೆ. ಅವತ್ತು ಆ ಕೆಲಸಕ್ಕೆ ಸೇರಿದವರು ಈಗಲೂ ಅನುಮಾನ ಬಂದರೆ ನನ್ನ ಅಂಗಡಿಗೆ ಬಂದು ಕೇಳಿಕೊಂಡು ಹೋಗುತ್ತಾರೆ. ಈ ಬೆರಳುಗಳಲ್ಲಿರುವ ವಿದ್ಯೆಯೆಲ್ಲ ಮೇಷ್ಟ್ರು ಕೊಟ್ಟದ್ದು. ಇಲ್ಲ ಅನ್ನಲು ಆಗುವುದಿಲ್ಲ, ಅದೇ ಸಂಕಟ. ಮಗಳು ತುಮಕೂರಿನಲ್ಲಿ ಓದುತ್ತಾಳೆ. ಅಲ್ಲಿ ಹತ್ತನೇ ಕ್ಲಾಸು ಮುಗಿಸಿದವರಿಗೆ ಕಪ್ಪು ಗೌನು, ಟೋಪಿ ಹಾಕಿ ಫೋಟೋ ತೆಗೆಯುತ್ತಾರೆ, ಸ್ಕೂಲು ಬಿಟ್ಟ ಮೇಲೆ ನಾಲ್ಕು ಥರದ ಕ್ಲಬ್ಬು ನಡೆಸುತ್ತಾರೆ. ಪೋಷಕರ ಸಭೆಗೆ ಹೋದರೆ ನಾನು ಕೇಳುವುದು ಒಂದೇ, ಹಾಜರಿ ಎಷ್ಟಿದೆ ಅಂತ. ಮಗಳು ತಲೆ ತಗ್ಗಿಸಿಕೊಂಡು, ಅಪ್ಪಾ ಸಾಕು ಅನ್ನುತ್ತಾಳೆ.

ಎರಡು ವರ್ಷದ ಹಿಂದೆ ಮೇಷ್ಟ್ರು ಅಂಗಡಿಗೆ ಬಂದರು. ರಿಟೈರ್ಡ್ ಆಗಿ ಕುಣಿಗಲ್ಲಿನಲ್ಲಿದ್ದರು. ಎರಡು ಬಸ್ಸು ಹತ್ತಿ, ಚೀಲದಲ್ಲಿ ಒಂದು ಚಿಕ್ಕ ಪಂಪು ಹೊತ್ತು ತಂದಿದ್ದರು. ಬಿಚ್ಚಿ ನೋಡಿದರೆ ಕಾಯಿಲು ಚೆನ್ನಾಗೇ ಇದೆ, ಒಂದು ತಂತಿಯನ್ನು ಯಾರೋ ಬೇಕಂತಲೇ ಕಿತ್ತಿಟ್ಟಿದ್ದಾರೆ. ಅದನ್ನು ಕೂಡಿಸುವುದನ್ನು ನನಗೆ ಕಲಿಸಿದವರೇ ಅವರು. ನಾನು ಕೂಡಿಸಿ ಕೊಟ್ಟೆ.

ಆಗ ಚೀಲದಿಂದ ಒಂದು ಫಾರಂ ತೆಗೆದರು. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವುದು. ಶಾಲೆಗೆ ಹೋಗಿ ದಾಖಲೆ ಹುಡುಕಿಸಿ, ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಎಲ್ಲ ತುಂಬಿಸಿದ್ದರು. ಅದಕ್ಕೆ ಒಂದು ಕಾಗದ ಪಿನ್ನು ಮಾಡಿತ್ತು. ಈ ವಿದ್ಯಾರ್ಥಿ ಗೈರಾದ ದಿನಗಳಲ್ಲಿ ಹೆಚ್ಚಿನವು ನನ್ನ ಸೂಚನೆಯಂತೆ ವಿಜ್ಞಾನ ಸಂಘದ ಕೆಲಸದಲ್ಲಿ ಕಳೆದವು, ತಪ್ಪು ನನ್ನದು ಅಂತ. ನೀಲಿ ಇಂಕಿನಲ್ಲಿ.

"ಇದನ್ನ ಯಾರಿಗೆ ಕೊಡಲಿ ಸರ್? ಆ ಹೆಡ್ ಮೇಷ್ಟ್ರು ಹೋಗಿ ಎಷ್ಟು ವರ್ಷ ಆಯ್ತು."

"ನಿನಗೇ ಕೊಡ್ತಾ ಇದೀನಿ ಕಣಪ್ಪ. ಒಂದು ಸಹಿ ಹಾಕು. ವಾರಕ್ಕೆ ಎರಡು ದಿನ ಬಂದು ಪಾಠ ನಾನು ಹೇಳ್ಕೊಡ್ತೀನಿ."

ಕೈಯೆಲ್ಲ ವಾರ್ನಿಷ್ ಆಗಿದೆ, ಆಮೇಲೆ ಹಾಕ್ತೀನಿ ಬಿಡಿ ಅಂದೆ. ಅವರು ಟೀ ಕುಡಿದು ನನ್ನ ಕೈ ನೋಡಿದರು. ವಾರ್ನಿಷ್ ಇರಲಿಲ್ಲ.

ಹೋದ ವರ್ಷ ತೀರಿಕೊಂಡರು. ಕುಣಿಗಲ್ಲಿಗೆ ಹೋದಾಗ ಶವ ಇಟ್ಟಿದ್ದ ಫ್ರೀಜರ್ ಪೆಟ್ಟಿಗೆಯ ಪ್ಲಗ್ಗು ಬಿಸಿಯಾಗಿ ವಾಸನೆ ಬರುತ್ತಿತ್ತು. ಅಭ್ಯಾಸಕ್ಕೆ ಜೇಬಿನಲ್ಲಿ ಟೆಸ್ಟರ್ ಇತ್ತು, ಸರಿ ಮಾಡಿದೆ. ಶಾಮಿಯಾನದ ಕೆಳಗೆ ಹಳೇ ವಿದ್ಯಾರ್ಥಿಗಳು ಗುಂಪಾಗಿ ನಿಂತು, ತಾವು ಹತ್ತನೇ ಕ್ಲಾಸು ಪಾಸಾದ ವರ್ಷ ಹೇಳಿಕೊಂಡು ಪರಿಚಯ ಮಾಡಿಕೊಳ್ಳುತ್ತಿದ್ದರು. ಒಬ್ಬ ನನ್ನ ಕಡೆ ತಿರುಗಿ, "ನಿಮ್ಮದು ಯಾವ ಬ್ಯಾಚಣ್ಣ?" ಅಂದ.

ಕರೆಂಟ್ ಕೆಲಸದೋನು ಅಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಗುಬ್ಬಿಯಲ್ಲಿ ಅಂಗಡಿ ಒಂದು. ವೈಂಡಿಂಗ್ ಮಷೀನು ಎರಡು. ಕೆಲಸಗಾರರು ಮೂವರು. ಮಗಳು ಒಬ್ಬಳು. ಮೇಷ್ಟ್ರ ಕಾಗದ ಒಂದು. ತುಂಬಿದ ಫಾರಂ ಒಂದು, ಸಹಿ ಇಲ್ಲ.